ನಮ್ಮ ಸಗರನಾಡಿನ ನೋಟ ಮತ್ತು ಊಟ

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದುವ ಕೆಲಸವನ್ನು ಪರೀಕ್ಷೆಯ ಭಯದಿಂದಲಾದರೂ ನಾವು ಮಾಡುತ್ತೇವೆ. ದೇಶ ಸುತ್ತುವ ಕೆಲಸ ಮಾತ್ರ ಹಿಂದೆ ಬೀಳುತ್ತದೆ. ಸುತ್ತಬೇಕೆಂಬ ಮನಸ್ಸಾದರೂ ಹಂಪಿ, ವಿಜಾಪುರ, ಮೈಸೂರುಗಳ ಹೆಸರು ಬಾಯಿಗೆ ಬರುತ್ತವೆಯೇ ಹೊರತು ಯಾದಗಿರಿ, ಶಹಾಪುರ, ಸುರಪುರಗಳ ಹೆಸರು ಬರುವುದಿಲ್ಲ. ನಮ್ಮ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ತಾಲೂಕುಗಳವರೇ. ಆದರೂ ದಿನವೂ ಬಸ್ಸಿನ ಕಿಟಕಿಯಿಂದ ಕಾಣುವ ಗುಡ್ಡವನ್ನು ಒಮ್ಮೆಯಾದರೂ ಹತ್ತಿ ನೋಡಿದವರು ನಮ್ಮಲ್ಲಿ ವಿರಳ.

ಕಳೆದ ಜನವರಿ ತಿಂಗಳಲ್ಲಿ, ಎಳ್ಳಮವಾಸ್ಯೆ ಕಳೆದ ಮೇಲೆ, ನಾನು ಇಬ್ಬರು ಸಹಪಾಠಿಗಳೊಡನೆ ಮೂರು ದಿನ ಈ ಮೂರು ಊರುಗಳನ್ನು ಸುತ್ತಿದೆನು. ನಾವು ಮಾಡಿಕೊಂಡ ನೇಮ ಒಂದೇ: ನೋಡುವುದು ಆ ಊರಿನದು, ಉಣ್ಣುವುದೂ ಆ ಊರಿನದು. ಹೀಗೆ ಸುತ್ತಿದ ಮೇಲೆ ನನಗೆ ತಿಳಿದುಬಂದ ಸಂಗತಿಯೆಂದರೆ, ಒಂದು ಸೀಮೆಯ ನೋಟವೂ ಊಟವೂ ಬೇರೆಬೇರೆಯಲ್ಲ. ಎರಡನ್ನೂ ಮಾಡಿದ್ದು ಅಲ್ಲಿಯ ಮಣ್ಣು, ಕಲ್ಲು, ನೀರು ಮತ್ತು ಇತಿಹಾಸ. ಅದನ್ನು ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಯಾದಗಿರಿ. 1871ರ ಹೊತ್ತಿಗೆ ಮುಂಬಯಿ–ಮದರಾಸು ರೈಲುಮಾರ್ಗ ರಾಯಚೂರಿನಲ್ಲಿ ಕೂಡಿಕೊಂಡಿತು. ಆ ಮಾರ್ಗದ ಮೇಲಿರುವ ನಮ್ಮ ಊರನ್ನು ಅಂದಿನಿಂದ ಎಷ್ಟೋ ಲಕ್ಷ ಪ್ರವಾಸಿಕರು ಹಾದುಹೋಗಿದ್ದಾರೆ. ಇಳಿದವರು ಮಾತ್ರ ಕಡಿಮೆ. ಇಳಿದವರಿಗೆ ಎದುರಾಗುವುದು ಊರಿನ ತಲೆಯ ಮೇಲೆಯೇ ನಿಂತ ಕಲ್ಲುಗುಡ್ಡ ಮತ್ತು ಅದರ ಮೇಲಿನ ಕೋಟೆ. ಚಾಲುಕ್ಯರು, ಯಾದವರು, ಬಹಮನಿ ಸುಲ್ತಾನರು, ಆದಿಲಶಾಹಿಗಳು ಒಬ್ಬರಾದ ಮೇಲೊಬ್ಬರು ಈ ಸೀಮೆಯನ್ನು ಆಳಿದರು. ಆದುದರಿಂದ ಒಂದೇ ಗುಡ್ಡದ ಮೇಲೆ ಗುಡಿ, ಮಸೀದಿ, ತೋಪು, ಬುರುಜುಗಳು ನೆರೆಹೊರೆಯವರಂತೆ ಇವೆ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವು ಮೇಲಿನ ನೀರಿನ ಹೊಂಡಗಳು. ಬಂಡೆಗಲ್ಲು ನೀರನ್ನು ಹೀರುವುದಿಲ್ಲ. ಬಿದ್ದ ಮಳೆಯೆಲ್ಲ ಇಳಿಜಾರು ಹಿಡಿದು ತಗ್ಗಿಗೆ ಬರುತ್ತದೆ. ಆ ತಗ್ಗನ್ನು ಕಟ್ಟಿ ಹೊಂಡ ಮಾಡಿದರೆ ಮುತ್ತಿಗೆಯ ಕಾಲದಲ್ಲಿ ದಂಡಿಗೆ ನೀರು ಸಿಗುತ್ತದೆ. ಕೋಟೆಯ ಬಲ ಗೋಡೆಯಲ್ಲಿ ಎಷ್ಟಿದೆಯೋ ಅಷ್ಟೇ ಈ ಹೊಂಡಗಳಲ್ಲಿಯೂ ಇದ್ದಿತು.

ಗುಡ್ಡದ ತುದಿಯಿಂದ ನೋಡಿದರೆ ಒಂದು ಕಡೆ ಭೀಮಾ ನದಿ, ಸುತ್ತಲೂ ಹೊಲ. ಇಳಿದು ಬಂದು ಒಂದು ಖಾನಾವಳಿಯಲ್ಲಿ ಉಂಡೆವು. ಎರಡು ಬಿಸಿ ಜೋಳದ ರೊಟ್ಟಿ, ತೊಗರಿಬೇಳೆಯ ಪಪ್ಪು, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಇಷ್ಟರಲ್ಲಿ ಜೋಳ, ತೊಗರಿ, ಶೇಂಗಾ ಮೂರೂ ಗುಡ್ಡದ ಮೇಲಿಂದ ನಾವು ನೋಡಿದ ಹೊಲಗಳ ಬೆಳೆಗಳೇ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತುದನ್ನು ಇಲ್ಲಿ ನೆನೆಯಬಹುದು.

ರೊಟ್ಟಿಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ದಿನವೂ ಉಣ್ಣುವ ನಮಗೆ ಅದರ ಹಿಂದಿನ ವಿದ್ಯೆ ಕಾಣುವುದಿಲ್ಲ. ನಮ್ಮ ಎರೆಭೂಮಿ ಮಳೆಗಾಲದ ನೀರನ್ನು ಹೀರಿ ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳವು ಆ ಹಸಿಯ ಮೇಲೆಯೇ ಬೆಳೆದು, ಚಳಿಗಾಲದ ಇಬ್ಬನಿಯಲ್ಲಿ ತೆನೆ ಕಟ್ಟಿ, ಬೇಸಿಗೆಯ ಮೊದಲಿಗೆ ಕೈಗೆ ಬರುತ್ತದೆ. ನೀರಾವರಿ ಇಲ್ಲದ ಕಾಲದಲ್ಲಿ ಈ ಸೀಮೆಯ ಜನ ಬದುಕಿ ಉಳಿದದ್ದು ಈ ಧಾನ್ಯದಿಂದ. ಆದರೆ ಜೋಳದ ಹಿಟ್ಟಿನಲ್ಲಿ ಗೋಧಿಯಲ್ಲಿರುವ ಗ್ಲೂಟೆನ್ ಎಂಬ ಅಂಟು ಇಲ್ಲ. ತಣ್ಣೀರಿನಲ್ಲಿ ಕಲಸಿ ಲಟ್ಟಿಸಿದರೆ ಅದು ಒಡೆದುಹೋಗುತ್ತದೆ. ಆದುದರಿಂದ ಕುದಿಯುವ ಎಸರು ಹಾಕಿ ಹಿಟ್ಟಿನ ಪಿಷ್ಟವನ್ನು ಅರೆಬೇಯಿಸಿ, ಅಂಗೈಯಿಂದ ಚೆನ್ನಾಗಿ ನಾದಿ, ಬಳಿಕ ಬಡಿಯುತ್ತಾರೆ. ಹಂಚಿನ ಮೇಲೆ ಹಾಕಿದೊಡನೆ ಒದ್ದೆಯ ಅರಿವೆಯಿಂದ ಮೇಲ್ಮೈಗೆ ನೀರು ಸವರುತ್ತಾರೆ. ಒಳಗಿನ ಹಬೆ ಎದ್ದು ರೊಟ್ಟಿ ಎರಡು ಪದರಾಗಿ ಉಬ್ಬುತ್ತದೆ. ಇದೇ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ ಒಣಗಿಸಿದರೆ ಕಡಕ್ ರೊಟ್ಟಿ. ನೀರಿನ ಅಂಶವಿಲ್ಲದ್ದರಿಂದ ಅದು ವಾರಗಟ್ಟಲೆ ಕೆಡುವುದಿಲ್ಲ. ಜಾತ್ರೆಗೆ ಹೋಗುವವರು, ದುಡಿಯಲು ಗುಳೆ ಹೋಗುವವರು ಬುತ್ತಿ ಕಟ್ಟುವುದು ಇದನ್ನೇ.

ಈ ವಿದ್ಯೆಯನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ನನ್ನ ತಾಯಿ ಒಂದು ಖಾನಾವಳಿಗೆ ದಿನವೂ ರೊಟ್ಟಿ ಬಡಿದುಕೊಡುತ್ತಾಳೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗನು ನಾನು. ಆ ಮೆಟ್ಟಿಲಿಗೆ ಕಟ್ಟಿದ ಶುಲ್ಕ ಆ ರೊಟ್ಟಿಯದು. ಆಕೆ ಶಾಲೆ ಕಂಡವಳಲ್ಲ. ಆದರೆ ಎಸರಿನ ಹದವನ್ನು ಬೆರಳಿನಿಂದಲೇ ಬಲ್ಲಳು. ಒಮ್ಮೆ ದೊಡ್ಡ ಊರೊಂದರ ಸ್ಪರ್ಧೆಗೆ ಹೋದಾಗ ನನ್ನ ಬುತ್ತಿಯನ್ನು ನೋಡಿ ಅಲ್ಲಿಯ ಹುಡುಗನೊಬ್ಬನು, “ಇದು ಬಡವರ ಊಟವಲ್ಲವೇ?” ಎಂದು ಕೇಳಿದ್ದನು. ಈಗ ಅದೇ ಜೋಳವನ್ನು ಸಿರಿಧಾನ್ಯವೆಂದು ಕರೆದು ದೊಡ್ಡ ಊರಿನ ಅಂಗಡಿಗಳಲ್ಲಿ ದುಬಾರಿ ಬೆಲೆಗೆ ಮಾರುತ್ತಾರೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಧಾನ್ಯಕ್ಕೆ ಮಾನ ಬಂದಿತು. ಅದನ್ನು ಬಡಿಯುವ ಕೈಗೆ ಎಷ್ಟು ಬಂದಿತೆಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಎರಡನೆಯ ದಿನ ಭೀಮಾ ನದಿಯ ಸೇತುವೆ ದಾಟಿ ಶಹಾಪುರಕ್ಕೆ ಹೋದೆವು. ಇಲ್ಲಿಂದ ಮುಂದೆ ಭೀಮಾ ಮತ್ತು ಕೃಷ್ಣೆಯರ ನಡುವಿನ ನಾಡು. ಶಹಾಪುರದ ಸಮೀಪದ ಸಗರ ಗ್ರಾಮದ ಹೆಸರಿನಿಂದಲೇ ಈ ಸೀಮೆಗೆ ಸಗರನಾಡೆಂಬ ಹೆಸರು. ಭೀಮರಾಯನಗುಡಿಯ ಕಡೆಯ ರಸ್ತೆಯಿಂದ ನೋಡಿದರೆ ಶಹಾಪುರದ ಗುಡ್ಡಗಳ ಸಾಲು ಅಂಗಾತ ಮಲಗಿದ ಮನುಷ್ಯನಂತೆ ಕಾಣುತ್ತದೆ. ಹಣೆ, ಮೂಗು, ಗಲ್ಲ, ಎದೆ, ಪಾದಗಳನ್ನು ಬೇರೆಬೇರೆಯಾಗಿ ಗುರುತಿಸಬಹುದು. ಜನ ಇದನ್ನು ‘ಬುದ್ಧ ಮಲಗಿದ ಬೆಟ್ಟ’ ಎನ್ನುತ್ತಾರೆ. ಯಾವ ಶಿಲ್ಪಿಯೂ ಇದನ್ನು ಕಡೆದಿಲ್ಲ. ಬಂಡೆಗಳು ಬಿಸಿಲು, ಮಳೆ, ಗಾಳಿಗೆ ಲಕ್ಷಾಂತರ ವರ್ಷ ಸವೆದು, ಬಿರುಕು ಬಿಟ್ಟಲ್ಲಿ ದುಂಡಾಗಿ ಉಂಟಾದ ಆಕಾರವಿದು. ಸ್ಥಳ ಬದಲಿಸಿದರೆ ಬುದ್ಧನು ಮಾಯವಾಗಿ ಬರೀ ಗುಡ್ಡ ಉಳಿಯುತ್ತದೆ. ಆದರೆ ಬುದ್ಧನ ಹೆಸರು ಈ ಸೀಮೆಗೆ ಹೊಸದಲ್ಲ. ಭೀಮೆಯ ದಂಡೆಯ ಸನ್ನತಿಯಲ್ಲಿ ಅಶೋಕನ ಶಾಸನ ದೊರೆತಿದೆ. ಅದರ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪವೇ ಸಿಕ್ಕಿದೆ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಇನ್ನೂ ಹಳೆಯದಾದ ನೋಟವೊಂದಿದೆ. ಬೃಹತ್ ಶಿಲಾಯುಗದ ಜನರು ಹೊಲದಲ್ಲಿ ಗುಂಡುಗಲ್ಲುಗಳನ್ನು ಸಾಲು ಹಿಡಿದು ಇಟ್ಟಿದ್ದಾರೆ. ಯಾವ ಗುಡಿಯೂ ಇಲ್ಲ, ಗೋಪುರವೂ ಇಲ್ಲ. ಕಲ್ಲಿನ ಸಾಲುಗಳು ಮಾತ್ರ.

ಶಹಾಪುರದ ಬಸ್ ನಿಲ್ದಾಣದ ಬಳಿ ಮುಂಜಾನೆಯ ಉಪಾಹಾರ ಒಗ್ಗರಣಿ ಮತ್ತು ಮಿರ್ಚಿ. ನೆನೆಸಿ ಹಿಂಡಿದ ಮಂಡಾಳಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಪುಠಾಣಿ ಹಿಟ್ಟು ಹಾಕಿ ಒಗ್ಗರಿಸಿದರೆ ಅದೇ ಒಗ್ಗರಣಿ. ಅದರ ಮಗ್ಗುಲಿಗೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಮೆಣಸಿನಕಾಯಿ ಭಜಿ. ಮೇಲೆ ಒಂದು ಕಪ್ಪು ಚಹಾ. ಚಹಾದ ಅಂಗಡಿಯಲ್ಲಿ ಕನ್ನಡದೊಡನೆ ಉರ್ದು ಮಾತು ಸಲೀಸಾಗಿ ಬೆರೆಯುತ್ತದೆ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದು, 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿದ ಸೀಮೆಯ ಗುರುತು ಇಂಥಲ್ಲಿ ಉಳಿದಿದೆ.

ಶಹಾಪುರದಿಂದ ಸುರಪುರದ ಹಾದಿಯಲ್ಲಿ ಒಂದು ದೊಡ್ಡ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಕೃಷ್ಣೆಗೆ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಕಾಲುವೆ ಬಂದ ಕಡೆ ಜೋಳದ ಹೊಲ ಭತ್ತದ ಗದ್ದೆಯಾಗಿದೆ. ಬಾರದ ಕಡೆ ಜೋಳವೇ ಇದೆ. ರಸ್ತೆಯ ಎಡಬಲದಲ್ಲಿಯೇ ಈ ವ್ಯತ್ಯಾಸವನ್ನು ಕಾಣಬಹುದು. ನೀರು ಬಂದುದು ಭಾಗ್ಯವೇ. ಅದನ್ನು ಅಲ್ಲಗಳೆಯುವವನು ಬರಗಾಲ ಕಂಡವನಲ್ಲ. ಆದರೆ ಹೊಲದಲ್ಲಿ ಬೆಳೆ ಬದಲಾದರೆ ತಾಟಿನಲ್ಲಿ ಊಟವೂ, ದನಗಳ ಮುಂದಿನ ಕಣಿಕಿಯೂ ಬದಲಾಗುತ್ತವೆ. ದಾರಿಯ ಜೋಳದ ಹೊಲವೊಂದರಲ್ಲಿ ರೈತರೊಬ್ಬರು ನಮ್ಮನ್ನು ಕರೆದು ಸೀತನಿ ತಿನ್ನಿಸಿದರು. ಹಾಲುಗಾಳಿನ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ತಿಕ್ಕಿ ಉದುರಿಸಿ, ಹಿಂಡಿ ಮತ್ತು ಬೆಲ್ಲದೊಡನೆ ತಿನ್ನುವುದೇ ಸೀತನಿ. ವರ್ಷದಲ್ಲಿ ಕೆಲವೇ ದಿನ ದೊರೆಯುವ ಈ ತಿನಿಸನ್ನು ಯಾವ ಹೊಟೇಲೂ ಕೊಡಲಾರದು. ದುಡ್ಡು ಕೊಡಹೋದರೆ ಅವರು, “ಸೀತನಿಗೆ ರೊಕ್ಕ ತಗೊಂತಾರೇನ್ರಪಾ? ತಿಂದು ಹೋಗ್ರಿ” ಎಂದು ನಕ್ಕರು.

ಸುರಪುರವು ನಾಯಕ ಅರಸರ ಊರು. ಇದರ ಬಳಿಯ ವಾಗಿನಗೇರಿ ಕೋಟೆಯನ್ನು 1705ರಲ್ಲಿ ಔರಂಗಜೇಬನು ಸ್ವತಃ ಬಂದು ಮುತ್ತಿದನು. ಅದೇ ಅವನ ಕೊನೆಯ ಮುತ್ತಿಗೆ. ಕೋಟೆ ಕೈಗೆ ಬಂದಿತು, ಪಿಡ್ಡ ನಾಯಕನು ಬರಲಿಲ್ಲ. 1857-58ರಲ್ಲಿ ರಾಜಾ ವೆಂಕಟಪ್ಪ ನಾಯಕನು ಆಂಗ್ಲರ ವಿರುದ್ಧ ಎದ್ದು, ಸೆರೆಸಿಕ್ಕು, 1858ರಲ್ಲಿ ಎಳೆಯ ವಯಸ್ಸಿನಲ್ಲಿಯೇ ಗುಂಡಿಗೆ ಬಲಿಯಾದನು. ಈ ಅರಸನ ಬಾಲ್ಯದಲ್ಲಿ, 1841ರಿಂದ 1853ರವರೆಗೆ, ಇಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದವನು ಫಿಲಿಪ್ ಮೆಡೋಸ್ ಟೇಲರ್. ಬಾಲಕನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನಂತೆ. ಅವನು ಗುಡ್ಡದ ಮೇಲೆ ಕಟ್ಟಿಸಿದ ಬಂಗಲೆ ‘ಟೇಲರ್ ಮಂಜಿಲ್’ ಇಂದಿಗೂ ಇದೆ. ಅದರ ಅಂಗಳದಿಂದ ಊರು, ಗುಡ್ಡ, ಹೊಲಗಳು ಒಂದೇ ನೋಟಕ್ಕೆ ಸಿಗುತ್ತವೆ. ಈ ಸೀಮೆಯ ಬೃಹತ್ ಶಿಲಾಸಮಾಧಿಗಳನ್ನು ಅಗೆದು ಬರೆದಿಟ್ಟವರಲ್ಲಿಯೂ ಟೇಲರ್ ಮೊದಲಿಗನು. ನಾಯಕರ ಆಶ್ರಯದಲ್ಲಿ ಬೆಳೆದ ಸುರಪುರದ ಚಿತ್ರಕಲೆಯೂ, ಹಕ್ಕಿಗಳು ಬಂದಿಳಿಯುವ ಬೋನಾಳ ಕೆರೆಯೂ, ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಮೌನೇಶ್ವರನ ಕ್ಷೇತ್ರವೂ ಪ್ರತ್ಯೇಕ ಲೇಖನಗಳಿಗೆ ಯೋಗ್ಯವಾದ ವಿಷಯಗಳು.

ಸುರಪುರದಲ್ಲಿ ನಮ್ಮ ಊಟ ಸಹಪಾಠಿಯ ಮನೆಯಲ್ಲಿ. ಪುಂಡಿಪಲ್ಯದ ರುಚಿಯನ್ನು ಅಲ್ಲಿ ನೋಡಬೇಕು. ಹುಳಿಯಾದ ಪುಂಡಿಸೊಪ್ಪನ್ನು ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿಗಳೊಡನೆ ಬೇಯಿಸಿ ಮಸೆದು, ಬಳ್ಳೊಳ್ಳಿಯ ಒಗ್ಗರಣೆ ಕೊಡುತ್ತಾರೆ. ಸೊಪ್ಪಿನ ಹುಳಿಯನ್ನು ಬೇಳೆ ತಗ್ಗಿಸುತ್ತದೆ, ನುಚ್ಚು ಗಟ್ಟಿ ಮಾಡುತ್ತದೆ. ಒಂದೇ ಗಡಿಗೆಯಲ್ಲಿ ಮೂರೂ ಕೂಡಿ ಹೊಟ್ಟೆ ತುಂಬುವ ಪಲ್ಯವಾಗುತ್ತದೆ. ಮಾಂಸ ಉಣ್ಣುವ ಮನೆಗಳಲ್ಲಿ ಕುರಿಯ ಸಾರಿನೊಡನೆಯೂ ಇದೇ ರೊಟ್ಟಿ. ನಾವು ಮೂರನೆಯ ರೊಟ್ಟಿಗೆ ಕೈ ಅಡ್ಡ ಹಿಡಿದಾಗ ಗೆಳೆಯನ ತಾಯಿ, “ಗುಡ್ಡ ಹತ್ತಿ ಬಂದೀರಿ, ನಾಕು ರೊಟ್ಟಿ ಉಣ್ಣದಿದ್ರ ಹೆಂಗ ತಮ್ಮಾ?” ಎಂದು ಇನ್ನೊಂದನ್ನು ಹಾಕಿಯೇಬಿಟ್ಟರು.

ಮೂರು ದಿನಕ್ಕೆ ನಮಗೆ ಬಿದ್ದ ಖರ್ಚು ತಲಾ 600 ರೂಪಾಯಿಯೊಳಗೆ. 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದಾಗಿ ವಿದ್ಯಾರ್ಥಿನಿಯರಿಗೆ ಸರಕಾರಿ ಬಸ್ಸಿನ ಖರ್ಚೂ ಇಲ್ಲ. ಹೋಗುವವರು ದೀಪಾವಳಿಯಿಂದ ಶಿವರಾತ್ರಿಯೊಳಗೆ ಹೋಗುವುದು ಲೇಸು. ಬೇಸಿಗೆಯಲ್ಲಿ ಬಂಡೆ ಕಾಯ್ದು ಹೆಂಚಾಗುತ್ತದೆ. ಗುಡ್ಡಕ್ಕೆ ನೀರು ಒಯ್ಯಬೇಕು. ಕೋಟೆಯ ಗೋಡೆಯ ಮೇಲೆ ಹೆಸರು ಗೀಚುವ ಚಪಲವನ್ನು ಕೆಳಗೇ ಬಿಟ್ಟು ಹೋಗಬೇಕು.

ಕೊನೆಯದಾಗಿ ಒಂದು ಸೂಚನೆ. ಜಪಾನಿನ ರೈಲು ನಿಲ್ದಾಣಗಳಲ್ಲಿ ‘ಎಕಿಬೆನ್’ ಎಂಬ ಬುತ್ತಿ ಮಾರುವ ಪದ್ಧತಿ ನೂರು ವರ್ಷಕ್ಕೂ ಹಿಂದಿನದು. ಯಾವ ಊರಿನ ನಿಲ್ದಾಣವೋ ಆ ಊರಿನ ಮೀನು, ಅನ್ನ, ತರಕಾರಿ ಆ ಪೆಟ್ಟಿಗೆಯಲ್ಲಿ. ಪ್ರವಾಸಿಕನು ಊರನ್ನು ಕಣ್ಣಿನಿಂದ ನೋಡಿ ನಾಲಿಗೆಯಿಂದಲೂ ಅರಿಯುತ್ತಾನೆ. ಊರಿನ ಅಡಿಗೆಯವರಿಗೂ ದುಡಿಮೆ ಸಿಗುತ್ತದೆ. ಯಾದಗಿರಿ ನಿಲ್ದಾಣದಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಬುತ್ತಿ ಏಕೆ ಸಿಗಬಾರದು? ಅದು ಕೆಡುವ ಪದಾರ್ಥವಲ್ಲ, ದುಬಾರಿಯೂ ಅಲ್ಲ. ಟೇಲರ್ ಮಂಜಿಲ್ ನೋಡಬಂದವರಿಗೆ ಪುಂಡಿಪಲ್ಯದ ಊಟ ಸಿಗುವ ಮನೆಯೊಂದು ಏಕಿರಬಾರದು? ಸ್ವಸಹಾಯ ಸಂಘಗಳ ತಾಯಂದಿರಿಗೆ ಕೈವಿದ್ಯೆಯನ್ನು ಯಾರೂ ಕಲಿಸಬೇಕಿಲ್ಲ. ಲೆಕ್ಕ ಬರೆಯುವವರು, ಅರ್ಜಿ ತುಂಬುವವರು, ಬಂದವರಿಗೆ ಊರಿನ ಇತಿಹಾಸ ಹೇಳುವವರು ಬೇಕು. ಇತಿಹಾಸ, ಅರ್ಥಶಾಸ್ತ್ರ ಓದಿದ ನಾವು ಇರುವುದು ಮತ್ತೇತಕ್ಕೆ? ನಮ್ಮ ಜಿಲ್ಲೆಯನ್ನು ಹಿಂದುಳಿದದ್ದೆಂದು ಹೇಳುವ ವರದಿಗಳನ್ನು ಓದಿ ಪರೀಕ್ಷೆ ಬರೆದಿದ್ದೇವೆ. ಈ ರಜೆಯಲ್ಲಿ ನಾಲ್ವರು ಗೆಳೆಯರು ಕೂಡಿ ಒಂದು ಗುಡ್ಡ ಹತ್ತಿ, ಕೆಳಗಿಳಿದು ಆ ಊರಿನ ರೊಟ್ಟಿ ಉಂಡು ಬಂದರೆ, ಮುಂದಿನ ಸಂಚಿಕೆಗೆ ಇದಕ್ಕಿಂತ ಒಳ್ಳೆಯ ಲೇಖನ ದೊರೆಯುವುದರಲ್ಲಿ ಸಂಶಯವಿಲ್ಲ.