ಬೆಳೆ ಅರ್ಧ, ದಾರಿ ಅರ್ಧ

ಬ್ಲಫ್‌ಗೆ ಹೋದರೆ ಜಲಪಾತದ ಮುಂದೆ ಸೆಲ್ಫಿ ತಗೊಂಡು ಬರ್ತೀವಿ. 1902ರಲ್ಲಿ ಇಲ್ಲಿಂದಲೇ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಅದರ ಭಾರೀ ಯಂತ್ರಗಳು ಮದ್ದೂರಿನವರೆಗೆ ರೈಲಿನಲ್ಲಿ ಬಂದು, ಅಲ್ಲಿಂದ ಎತ್ತಿನ ಗಾಡಿ, ಆನೆಗಳ ಬಲದಿಂದ ಬ್ಲಫ್ ಸೇರಿದವು. ದಾರಿ ಇಲ್ಲದಿದ್ದರೆ ದೀಪವೂ ಇಲ್ಲ.

ನಮ್ಮ ಕಬ್ಬಿನ ಕಥೆಯೂ ಅಷ್ಟೇ. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆದರೆ ಒಳ್ಳೇದು. ತಡವಾದಷ್ಟೂ ತೂಕ ಇಳಿಯುತ್ತೆ, ಸಕ್ಕರೆ ಅಂಶವೂ ಇಳಿಯುತ್ತೆ. ತೂಕದ ಮೇಲೆ ದುಡ್ಡು ಬರೋದರಿಂದ ನಷ್ಟ ನಮಗೇ. ಮದ್ದೂರಿನಿಂದ ಹೊರ ರಾಜ್ಯಕ್ಕೆ ಲಾರಿ ಏರುವ ಎಳನೀರಿಗೂ ರಸ್ತೆಯೇ ಆಧಾರ.

2018ರ ಆಗಸ್ಟ್‌ನಲ್ಲಿ ಕಾವೇರಿ ಪ್ರವಾಹಕ್ಕೆ ಶಿವನಸಮುದ್ರದ ಹಳೇ ವೆಲ್ಲೆಸ್ಲಿ ಸೇತುವೆಯ ಒಂದು ಭಾಗ ಕೊಚ್ಚಿಹೋಯಿತು. ಹೊಸ ಸೇತುವೆ ಇದ್ದದ್ದರಿಂದ ಮಳವಳ್ಳಿ–ಕೊಳ್ಳೇಗಾಲ ಸಂಪರ್ಕ ಉಳಿಯಿತು. ಎರಡನೇ ದಾರಿಯ ಬೆಲೆ ಗೊತ್ತಾಗೋದು ಮೊದಲನೆಯದು ಹೋದಾಗಲೇ.

ಹಾಗಾಗಿ ಇಷ್ಟು ಮಾಡಿ:

• ಗಾಡಿ ಬರೋದು ಖಚಿತವಾದ ಮೇಲೇ ಕಬ್ಬು ಕಡಿಸಿ.
• ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಟ್ರ್ಯಾಕ್ಟರ್, ಬೈಕ್, ಆಟೋಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಗೆ ಬೇಕಾಗುವ ಹೆಚ್ಚಿನ ಸಮಯ ಲೆಕ್ಕ ಹಾಕಿ.
• ಮಳೆಗಾಲದಲ್ಲಿ ಕೆಆರ್‌ಎಸ್, ಕಬಿನಿಯಿಂದ ನೀರು ಬಿಟ್ಟ ಸುದ್ದಿ ಮೊಬೈಲ್‌ನಲ್ಲಿ ನೋಡಿಯೇ ಹೊರಡಿ. ಬದಲಿ ದಾರಿ ಮೊದಲೇ ಗೊತ್ತಿರಲಿ.
• ಟ್ರೇಲರ್ ಹಿಂದೆ ರಿಫ್ಲೆಕ್ಟರ್, ಕೆಂಪು ದೀಪ ಇರಲೇಬೇಕು. ರಾತ್ರಿ ಕತ್ತಲಲ್ಲಿ ನಿಂತ ಕಬ್ಬಿನ ಗಾಡಿ ಹಿಂದಿನ ಬೈಕ್‌ನವರಿಗೆ ಕಾಣಲ್ಲ.

ನಿಮ್ಮೂರಿನ ರಸ್ತೆಯಲ್ಲಿ ಗುಂಡಿ ಬಿದ್ದಿದ್ದರೆ ಫೋಟೋ ತೆಗೆದು ಪಂಚಾಯ್ತಿಗೆ ಲಿಖಿತ ಅರ್ಜಿ ಕೊಡಿ. ಬೆಳೆ ದುಡ್ಡಾಗೋದು ಗದ್ದೆಯಲ್ಲಲ್ಲ, ಮಾರುಕಟ್ಟೆ ಮುಟ್ಟಿದ ಮೇಲೆ.