ದೂರು ಕೊಡಲಾಗದ ಸದ್ದು

ನಮ್ಮ ಹಳೆಯ ದಾನಶಾಸನಗಳಲ್ಲಿ ಭೂಮಿಯನ್ನು ಧಾರೆಯೆರೆದು ಕೊಡುವವನು ಅದನ್ನು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳ ಸಹಿತವಾಗಿ ಕೊಡುತ್ತಿದ್ದನು. ನೆಲದೊಳಗೆ ಹೂತ ಹೊನ್ನು, ಬಾವಿಯ ನೀರು, ಪಾರೆಯ ಕಲ್ಲು, ಮುಂದೆ ಒದಗಬಹುದಾದ ಹುಟ್ಟುವಳಿ, ಇವೆಲ್ಲವೂ ಆ ಪಟ್ಟಿಯಲ್ಲುಂಟು. ಆಕಾಶ ಮಾತ್ರ ಇಲ್ಲ. ಹಕ್ಕಿಗಳಲ್ಲದೆ ಮತ್ತಾರೂ ತಲೆಯ ಮೇಲೆ ಹಾದುಹೋಗದ ಕಾಲದಲ್ಲಿ ಅದರ ಒಡೆತನವನ್ನು ಯಾರು ತಾನೆ ಚಿಂತಿಸಿಯಾರು? ಯುರೋಪಿನ ನ್ಯಾಯಪಂಡಿತರು ಚಿಂತಿಸಿದ್ದರು. ನೆಲವುಳ್ಳವನಿಗೆ ಮೇಲೆ ಸ್ವರ್ಗದವರೆಗೂ ಕೆಳಗೆ ಪಾತಾಳದವರೆಗೂ ಸ್ವಾಮ್ಯವುಂಟೆಂಬ ಸೂತ್ರವನ್ನು ಶತಮಾನಗಳ ಕಾಲ ಪಠಿಸುತ್ತ ಬಂದಿದ್ದ ಅವರು, ವಿಮಾನಗಳು ಹಾರತೊಡಗಿದ ಮೇಲೆ ಅದನ್ನು ಸದ್ದಿಲ್ಲದೆ ಮಡಚಿಟ್ಟರು.

1920ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಮಾಡಿದ ಶಾಸನವೂ, ಅದರ ಜಾಡಿನಲ್ಲಿಯೇ ನಡೆದ 1934ರ ಭಾರತದ ವಿಮಾನ ಕಾಯಿದೆಯ 17ನೆಯ ಕಲಮೂ, ಗಾಳಿ, ಹವೆ ಮೊದಲಾದ ಸಂದರ್ಭಗಳನ್ನು ಗಣಿಸಿ ಯುಕ್ತವೆನ್ನಬಹುದಾದ ಎತ್ತರದಲ್ಲಿ ವಿಮಾನವು ಹಾರಿತೆಂಬ ಒಂದೇ ಕಾರಣಕ್ಕಾಗಿ, ಅತಿಕ್ರಮಣವೆಂದಾಗಲಿ ಉಪದ್ರವವೆಂದಾಗಲಿ ಯಾರೂ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಕೂಡದೆಂದು ವಿಧಿಸಿದುವು. ಪಂಡಿತ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದು ಮಂಗಳೂರು ವಿಮಾನನಿಲ್ದಾಣವಿರುವ ಬಜ್ಪೆಯ ಪದವಿನಲ್ಲಿ ಇಳಿದುದು 1951ರ ಡಿಸೆಂಬರ್ 25ರಂದು. ಅಂದರೆ, ಅವಿಭಜಿತ ದಕ್ಷಿಣ ಕನ್ನಡದ ಜನ ಆ ಸದ್ದನ್ನು ತಮ್ಮ ನೆರೆಯಲ್ಲಿ ಕೇಳುವುದಕ್ಕೆ ಹದಿನೇಳು ವರ್ಷ ಮೊದಲೇ, ಅದರ ಮೇಲೆ ದೂರು ಹೇಳುವ ಬಾಯಿಗೆ ಬೀಗ ಬಿದ್ದಿದ್ದಿತು.

ಬೀಗವನ್ನು ಅಲುಗಾಡಿಸಿದವನು ಅಮೆರಿಕದ ಉತ್ತರ ಕೆರೊಲಿನಾದಲ್ಲಿ ಕೋಳಿ ಸಾಕುತ್ತಿದ್ದ ಕಾಸ್ಬಿ ಎಂಬ ರೈತ. ಗ್ರೀನ್ಸ್‌ಬರೋ ಪಟ್ಟಣದ ಹೊರಗಿದ್ದ ಸಣ್ಣ ವಿಮಾನನೆಲೆಯನ್ನು ಯುದ್ಧಕಾಲದಲ್ಲಿ ಸೇನೆಯವರು ಬಳಸತೊಡಗಲು, ಬಾಂಬರ್ ವಿಮಾನಗಳು ಅವನ ಮನೆಯ ಮಾಡಿನಿಂದ 67 ಅಡಿ, ಅತ್ಯಂತ ಎತ್ತರದ ಮರದ ತುದಿಯಿಂದ ಕೇವಲ 18 ಅಡಿ ಮೇಲೆ ಹಾದುಹೋಗಲಾರಂಭಿಸಿದುವು. ಭೀತಿಯಿಂದ ಹಾರಿ ಗೋಡೆಗೆ ಬಡಿದುಕೊಂಡು ಸತ್ತ ಕೋಳಿಗಳೇ ನೂರೈವತ್ತು. 1946ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಸ್ವರ್ಗದವರೆಗಿನ ಒಡೆತನವೆಂಬುದು ಈ ಯುಗಕ್ಕೆ ಸಲ್ಲದೆಂದು ಹೇಳಿತಾದರೂ, ಇಷ್ಟು ತಗ್ಗಿನಲ್ಲಿ ಇಷ್ಟು ಪದೇಪದೇ ಹಾರುವುದೆಂದರೆ ಆ ನೆಲವನ್ನೇ ಕಿತ್ತುಕೊಂಡಂತೆ, ಆದುದರಿಂದ ಸರಕಾರವು ಪರಿಹಾರ ಕೊಡತಕ್ಕದ್ದೆಂದು ತೀರ್ಮಾನಿಸಿತು. ಕೋಳಿಗಳ ಮೂಲಕವಾದರೂ ಶಬ್ದಕ್ಕೆ ಒಂದು ಬೆಲೆ ಕಟ್ಟಿದಂತಾಯಿತು.

ನಮ್ಮಲ್ಲಿ ಹಾಗಾಗಲಿಲ್ಲ. ಬಜ್ಪೆಯ ಪದವು ಮುರಕಲ್ಲಿನ ಬೋಳು ನೆತ್ತಿ. ಜನವಸತಿ, ಗದ್ದೆ, ಅಡಕೆ ತೋಟಗಳೆಲ್ಲ ಅದರ ಕೆಳಗಿನ ಬೈಲುಗಳಲ್ಲಿ. 2006ರಲ್ಲಿ 2,450 ಮೀಟರಿನ ಎರಡನೆಯ ರನ್‌ವೇ ಬಂದಾಗಲೂ, 2010ರ ಮೇ 22ರಂದು ಅದರ ತುದಿಯಾಚೆಯ ಕಣಿವೆಗೆ ವಿಮಾನ ಬಿದ್ದು 158 ಜೀವಗಳು ಬೆಂದುಹೋದ ಮೇಲೆಯೂ, ಕೆಂಜಾರು, ಅದ್ಯಪಾಡಿಗಳ ಕಡೆಯಿಂದ ಕೇಳಿಬಂದ ಮಾತು ಜಾಗದ ಪರಿಹಾರದ್ದು, ಪದವಿನಿಂದ ತೋಟಕ್ಕಿಳಿಯುವ ಕೆಸರುನೀರಿನದು. ಸದ್ದಿನ ಮಾತು ವಿರಳ. ಸದ್ದು ಬಾಧಿಸಲಿಲ್ಲವೆಂದು ನಾನು ಇದಕ್ಕೆ ಅರ್ಥ ಮಾಡಲಾರೆ. ಯಾವ ಕಚೇರಿಯಲ್ಲಿಯೂ ಅದಕ್ಕೊಂದು ಅರ್ಜಿಯ ನಮೂನೆ ಇದ್ದಿತೆಂದು ತೋರುವುದಿಲ್ಲ.

ದೊಡ್ಡ ನಿಲ್ದಾಣಕ್ಕಿಂತ ಸಣ್ಣ ಮೈದಾನದ ಉಪದ್ರವವು ಬೇರೆ ಬಗೆಯದು. 1948ರಲ್ಲಿ ಬೆಂಗಳೂರಿನ ಹೊರಗೆ ಜಕ್ಕೂರಿನಲ್ಲಿ ಸರಕಾರಿ ವಿಮಾನ ತರಬೇತಿ ಶಾಲೆಯು ಸ್ಥಾಪಿತವಾದಾಗ ಸುತ್ತಲೂ ಹೊಲಗಳಿದ್ದುವು. ಬಡಾವಣೆಗಳು ಆಮೇಲೆ ಬಂದುವು. ಕಲಿಯುವವನು ದೂರ ಹೋಗುವುದಿಲ್ಲ. ಏರುವುದು, ಒಂದೇ ದಿಕ್ಕಿಗೆ ಮತ್ತೆಮತ್ತೆ ತಿರುಗುತ್ತ ಸಾವಿರ ಅಡಿಯ ಆಸುಪಾಸಿನಲ್ಲಿ ಚೌಕವೊಂದನ್ನು ಸುತ್ತುವುದು, ಗಾಲಿಗಳನ್ನು ನೆಲಕ್ಕೆ ಸೋಕಿಸಿ ನಿಲ್ಲದೆಯೇ ಮತ್ತೆ ಏರುವುದು, ಹೀಗೆ ಒಂದು ಪೂರ್ವಾಹ್ನವೆಲ್ಲ ಅದೇ ಮಾಡುಗಳ ಮೇಲೆ, ಐದಾರು ನಿಮಿಷಕ್ಕೊಮ್ಮೆ. ಪ್ರತಿ ಸುತ್ತಿನ ಸದ್ದು ಅಲ್ಪವೇ. ಮುಂದಿನದು ಬರುತ್ತದೆಂಬ ನಿರೀಕ್ಷೆಯೇ ದುಸ್ಸಹ. ಅದಾಗಲೇ ಇದ್ದ ಮೈದಾನದ ಮಗ್ಗುಲಲ್ಲಿ ಮನೆ ಕಟ್ಟಿದವನಿಗೆ ಗೊಣಗುವ ಹಕ್ಕೆಲ್ಲಿ ಎಂದು ಕೇಳುವವರುಂಟು. ಲಂಡನ್ನಿನಲ್ಲಿ ಮಿಠಾಯಿ ಮಾಡುವವನೊಬ್ಬನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಒರಳು ಕುಟ್ಟುತ್ತಿದ್ದ ಗೋಡೆಗೆ ತಾಗಿಸಿಯೇ ವೈದ್ಯನೊಬ್ಬನು ರೋಗಿಗಳನ್ನು ನೋಡುವ ಕೋಣೆ ಕಟ್ಟಿಸಿ ದಾವೆ ಹೂಡಿದಾಗ, 1879ರಲ್ಲಿ ನ್ಯಾಯಾಲಯವು ವೈದ್ಯನ ಪಕ್ಷ ಹಿಡಿದಿತ್ತು. ಒರಳಿಗೆ ಸಲ್ಲದ ರಕ್ಷಣೆ ರೆಕ್ಕೆಗೆ ದೊರೆಯಿತು.

ಉಡುಪಿಯಲ್ಲಿ ವಿಮಾನನಿಲ್ದಾಣವಿಲ್ಲ. ಗಣ್ಯರು ಬರುವ ದಿನ ಆದಿ ಉಡುಪಿಯ ಹೆಲಿಪ್ಯಾಡಿನಲ್ಲಿ ಕೆಂಪು ಧೂಳೆದ್ದು ತೆಂಗಿನ ಗರಿಗಳು ತಿರುಚಿಕೊಳ್ಳುವುದನ್ನು ಬಿಟ್ಟರೆ, ನಮ್ಮ ಶಬ್ದಕಲಹಗಳೆಲ್ಲ ನೆಲದ ಮೇಲಿನವು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಈ ನಿಯಮದ ಕಾರಣವಾಗಿಯೇ 2022ರಲ್ಲಿ ಕಟೀಲಿನ ಯಕ್ಷಗಾನ ಮೇಳಗಳು ಬೆಳಗಿನವರೆಗಿನ ಆಟವನ್ನು ಕೈಬಿಟ್ಟು ಕಾಲಮಿತಿಗೆ ಒಪ್ಪಿಕೊಳ್ಳಬೇಕಾಯಿತು, ಅದರ ವಿರುದ್ಧ ಭಕ್ತರು ಪಾದಯಾತ್ರೆ ಹೊರಟರು. ಮಣಿಪಾಲದ ಬಹುಮಹಡಿ ಕಟ್ಟಡದಲ್ಲಿ ನಾಳೆಯ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿಯಾಗಲಿ, ಕಾಪುವಿನಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಯಾಗಲಿ ಚೆಂಡೆಯ ಮೇಲೆ ಪೊಲೀಸರಿಗೆ ಫೋನು ಮಾಡಬಹುದು. ವಿಮಾನನಿಲ್ದಾಣಗಳಿಗೆಂದೇ ಮಾನದಂಡ ಬಂದುದು 2018ರಲ್ಲಿ. ದಟ್ಟಣೆಯಿಲ್ಲದ ನಿಲ್ದಾಣದ ನೆರೆಯಲ್ಲಿಯೂ ರಾತ್ರಿ 60 ಡೆಸಿಬೆಲ್ ಸಲ್ಲುತ್ತದೆ. ವರ್ಷಕ್ಕೊಮ್ಮೆ ಬರುವ ಹರಕೆಯಾಟಕ್ಕಿಲ್ಲದ ಔದಾರ್ಯವು ನಿತ್ಯದ ಎಂಜಿನಿಗೆ ದೊರೆತುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ.

ಉಡುಪಿ ಜಿಲ್ಲೆಗೂ ಒಂದು ಪುಟ್ಟ ವಿಮಾನನಿಲ್ದಾಣ ಬೇಕೆಂಬ ಬೇಡಿಕೆ ಆಗಾಗ ಎದ್ದು ಅಡಗುತ್ತಿರುತ್ತದೆ. ಕಾರ್ಕಳದ ಕಡೆಯ ಪದವಾಗಲಿ ಕಾಪುವಿನ ಕಡಲ ಬದಿಯ ಬಯಲಾಗಲಿ, ಎಲ್ಲಿಯೇ ಗುರುತು ಹಾಕಿದರೂ, 2006ರ ಪರಿಸರ ಅಧಿಸೂಚನೆಯಂತೆ ವಾಣಿಜ್ಯೋಪಯೋಗದ ಏರ್‌ಸ್ಟ್ರಿಪ್ಪಿಗೂ ಸಾಮಾನ್ಯವಾಗಿ ಪೂರ್ವಾನುಮತಿ ಬೇಕು. ಜಿಲ್ಲಾಧಿಕಾರಿಗಳ ಅಥವಾ ಅವರ ಪ್ರತಿನಿಧಿಯ ಸಮ್ಮುಖದಲ್ಲಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಅಂತಹ ಸಭೆಗಳಲ್ಲಿ ಸರ್ವೆ ನಂಬರು, ಸೆಂಟ್ಸಿನ ದರ, ಮನೆಗೊಂದು ಉದ್ಯೋಗ, ಇವನ್ನೇ ಹಿಡಿದು ಎಲ್ಲರೂ ಮಾತನಾಡುವುದು ವಾಡಿಕೆ. ದಿನಕ್ಕೆ ಎಷ್ಟು ಹಾರಾಟ, ರಾತ್ರಿಯೂ ಉಂಟೋ, ತರಬೇತಿ ವಿಮಾನಗಳು ಸುತ್ತುವುದು ಯಾವ ಮಗ್ಗುಲಿನ ಮನೆಗಳ ಮೇಲೆ ಎಂಬುದನ್ನು ಕೇಳಿ ನಡಾವಳಿಯಲ್ಲಿ ಬರೆಯಿಸಿಕೊಳ್ಳುವುದಕ್ಕೆ ಪಕ್ಕದ ಮನೆಯವನಿಗಿರುವ ಅವಕಾಶವು ಆ ಒಂದು ದಿನವೇ.