ಗರ್ಭಿಣಿಗೆ ಬಾಯಿ ಸೊಟ್ಟಗಾದರೆ: ನಂಬಿಕೆ ಏನು, ನಿಜ ಏನು?

ಗರ್ಭಿಣಿಯ ಬಾಯಿ ಸೊಟ್ಟಗಾದ ಸುದ್ದಿ ನೆಂಟರ ಮನೆಗಳಿಗೆ ತಲುಪುವಷ್ಟು ಬೇಗ ಆಕೆ ಆಸ್ಪತ್ರೆಗೆ ತಲುಪುವುದಿಲ್ಲ. ಸೀಮಂತದಲ್ಲಿ ಯಾರದೋ ಕಣ್ಣು ಬಿತ್ತು ಎನ್ನುತ್ತಾರೆ ಒಬ್ಬರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತದ್ದೇ ತಪ್ಪಾಯಿತು ಎನ್ನುತ್ತಾರೆ ಇನ್ನೊಬ್ಬರು. ಲಕ್ವಕ್ಕೆ ಔಷಧಿ ಕೊಡುವವರ ವಿಳಾಸ ಹಿಡಿದುಕೊಂಡೇ ಬರುತ್ತಾರೆ ಮತ್ತೊಬ್ಬರು. ಅಷ್ಟರಲ್ಲಿ ಎರಡು ಮೂರು ದಿನ ಕಳೆದಿರುತ್ತದೆ. ಈ ಕಾಯಿಲೆಯಲ್ಲಿ ಬೆಲೆಯಿರುವುದು ಆ ಎರಡು ಮೂರು ದಿನಗಳಿಗೇ.

ವೈದ್ಯರು ಇದನ್ನು ಬೆಲ್ಸ್ ಪಾಲ್ಸಿ ಎನ್ನುತ್ತಾರೆ. ಮಿದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಏಳನೆಯದು ಮುಖದ ಸ್ನಾಯುಗಳನ್ನು ಆಡಿಸುತ್ತದೆ. ಒಂದು ಪಕ್ಕದ ಆ ನರ ಊದಿಕೊಂಡು ಕೆಲಸ ನಿಲ್ಲಿಸಿದರೆ ಅರ್ಧ ಮುಖ ಸೋತುಹೋಗುತ್ತದೆ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಚಾರ್ಲ್ಸ್ ಬೆಲ್ ಈ ನರದ ಕೆಲಸವನ್ನು 1821ರಲ್ಲಿ ವಿವರಿಸಿದ. ಗರ್ಭಿಣಿಯರಲ್ಲಿ ಇದು ಕಾಣಿಸಿಕೊಳ್ಳುವುದನ್ನು 1830ರಷ್ಟು ಹಿಂದೆಯೇ ಗಮನಿಸಿದ್ದ. ಹೆಚ್ಚಿನ ಪ್ರಕರಣಗಳು ಕೊನೆಯ ಮೂರು ತಿಂಗಳಲ್ಲಿ ಇಲ್ಲವೇ ಹೆರಿಗೆಯಾದ ಮೊದಲ ಒಂದೆರಡು ವಾರಗಳಲ್ಲಿ ಬರುತ್ತವೆ.

ತಪ್ಪು ಕಲ್ಪನೆ: ಇದು ಲಕ್ವ. ಇವತ್ತು ಬಾಯಿ, ನಾಳೆ ಕೈಕಾಲು.

ಸತ್ಯ: ಬೆಲ್ಸ್ ಪಾಲ್ಸಿಯಲ್ಲಿ ತೊಂದರೆ ಇರುವುದು ಮಿದುಳಿನಲ್ಲಲ್ಲ, ಮಿದುಳಿನಿಂದ ಹೊರಬಂದ ನರದಲ್ಲಿ. ಅದು ಕೈಕಾಲಿಗೆ ಹರಡುವುದಿಲ್ಲ. ವೈದ್ಯರು ಮೊದಲು ನೋಡುವುದು ಹಣೆಯನ್ನು. ಹುಬ್ಬು ಮೇಲೆತ್ತಿ ಎಂದಾಗ ಒಂದು ಪಕ್ಕದ ಹಣೆಯಲ್ಲಿ ನೆರಿಗೆಯೇ ಮೂಡದಿದ್ದರೆ ನರದ ತೊಂದರೆಯ ಕಡೆಗೆ ಬೆರಳು ತೋರಿಸಿದಂತೆ. ಪಾರ್ಶ್ವವಾಯುವಿನಲ್ಲಿ ಸಾಮಾನ್ಯವಾಗಿ ಬಾಯಿ ವಾಲಿದರೂ ಹಣೆ ಎರಡೂ ಕಡೆ ನೆರಿಗೆಗಟ್ಟುತ್ತದೆ. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಅರ್ಧಗಳಿಂದ ಸಂದೇಶ ಹೋಗುವುದೇ ಇದಕ್ಕೆ ಕಾರಣ.

ಹಾಗೆಂದು ಮನೆಯಲ್ಲೇ ತೀರ್ಮಾನ ಮಾಡಿ ಕೂರುವಂತಿಲ್ಲ. ಗರ್ಭಿಣಿಯರಿಗೂ ಬಾಣಂತಿಯರಿಗೂ ಪಾರ್ಶ್ವವಾಯು ಬರಬಹುದು. ಕೈ ಅಥವಾ ಕಾಲು ಸೋತರೆ, ಮಾತಿಗೆ ಪದ ಸಿಗದಿದ್ದರೆ, ವಿಪರೀತ ತಲೆನೋವು ಬಂದರೆ, ಕಣ್ಣು ಮಂಜಾದರೆ, ಫಿಟ್ಸ್ ಬಂದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ತಪ್ಪು ಕಲ್ಪನೆ: ದೃಷ್ಟಿ, ಗ್ರಹಣ, ತಣ್ಣನೆ ಗಾಳಿ. ಇವುಗಳಲ್ಲಿ ಯಾವುದೋ ಒಂದು ತಾಗಿದೆ.

ಸತ್ಯ: ಈ ನರ ಕಿವಿಯ ಹಿಂದಿನ ಮೂಳೆಯೊಳಗೆ ಸುಮಾರು 3 ಸೆಂಟಿಮೀಟರ್ ಉದ್ದದ ಸುರಂಗದಲ್ಲಿ ಸಾಗುತ್ತದೆ. ಅತಿ ಇಕ್ಕಟ್ಟಾದ ಕಡೆ ಆ ಸುರಂಗದ ಅಗಲ ಒಂದು ಮಿಲಿಮೀಟರಿಗೂ ಕಡಿಮೆ. ತಿಂಗಳು ತುಂಬಿದವಳ ಬೆರಳು ಊದಿ ಉಂಗುರ ಬಿಗಿಯುವ ಹಾಗೆ, ಊದಿದ ನರವನ್ನು ಈ ಮೂಳೆ ಹಿಸುಕುತ್ತದೆ. ನರ ಊದುವುದೇಕೆ ಎಂಬುದಕ್ಕೆ ಸಾಬೀತಾದ ಒಂದೇ ಕಾರಣವಿಲ್ಲ. ಮೈಯಲ್ಲಿ ಸುಮ್ಮನೆ ಅಡಗಿದ್ದ ಹರ್ಪಿಸ್ ವೈರಸ್ ಮತ್ತೆ ಎದ್ದಿರಬಹುದು ಎಂಬುದು ಬಲವಾದ ಅನುಮಾನ. ಗರ್ಭಿಣಿಯ ಮೈಯಲ್ಲಿ ನೀರು ನಿಲ್ಲುವುದು, ರೋಗನಿರೋಧಕ ಶಕ್ತಿ ಬದಲಾಗುವುದು ಇದಕ್ಕೆ ಜೊತೆಯಾಗಿರಬಹುದು.

ಆದ್ದರಿಂದ ಫ್ಯಾನ್ ಹಾಕಿ ಮಲಗಿದ್ದಕ್ಕೆ, ಗ್ರಹಣದ ದಿನ ಅಂಗಳಕ್ಕೆ ಬಂದದ್ದಕ್ಕೆ ಆಕೆಯನ್ನು ಬೈಯುವುದರಲ್ಲಿ ಅರ್ಥವಿಲ್ಲ. ಕಿವಿಗೆ ಹತ್ತಿ ಇಟ್ಟು ಸ್ಕಾರ್ಫ್ ಕಟ್ಟಿದರೆ ನಷ್ಟವಿಲ್ಲ, ಅದೇ ಚಿಕಿತ್ಸೆ ಎಂದುಕೊಂಡರೆ ನಷ್ಟ. ಕಟ್ಟುವ ಮುಂಚೆ ಕಿವಿಯೊಳಗೆ, ಕಿವಿಯ ಸುತ್ತ ನೀರುಗುಳ್ಳೆ ಎದ್ದಿದೆಯೇ ನೋಡಿ. ಎದ್ದಿದ್ದರೆ ಅದು ಸರ್ಪಸುತ್ತಿನ ವೈರಸ್ಸಿನಿಂದ ಬಂದ ಬೇರೆ ಬಗೆಯ ತೊಂದರೆ, ಅದಕ್ಕೆ ಚಿಕಿತ್ಸೆಯೂ ಬೇರೆ.

ತಪ್ಪು ಕಲ್ಪನೆ: ಗರ್ಭಿಣಿ ಮಾತ್ರೆ ನುಂಗಬಾರದು. ಹೆರಿಗೆಯಾದ ಮೇಲೆ ತಾನೇ ಸರಿಹೋಗುತ್ತದೆ.

ಸತ್ಯ: ತಾನೇ ಸರಿಹೋಗುವವರು ಬಹಳ ಮಂದಿ ಇದ್ದಾರೆ ಎಂಬುದು ಸುಳ್ಳಲ್ಲ. ಡೆನ್ಮಾರ್ಕಿನಲ್ಲಿ ಔಷಧಿಯಿಲ್ಲದೆ ಬಿಟ್ಟ ಸುಮಾರು 1,700 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದಾಗ 71%ರಷ್ಟು ಜನ ಪೂರ್ತಿ ಗುಣವಾಗಿದ್ದರು. ಉಳಿದವರ ಮುಖದಲ್ಲಿ ಸ್ವಲ್ಪವೋ ಹೆಚ್ಚೋ ಕುಂದು ಉಳಿದಿತ್ತು. ಸ್ಕಾಟ್ಲೆಂಡಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 72 ಗಂಟೆಯೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡ್ ಶುರುಮಾಡಿದವರಲ್ಲಿ ಒಂಬತ್ತು ತಿಂಗಳಾದ ಮೇಲೆ 94.4% ಜನರ ಮುಖ ಪೂರ್ತಿ ಸರಿಯಾಗಿತ್ತು. ಅದನ್ನು ಪಡೆಯದವರಲ್ಲಿ ಆ ಪ್ರಮಾಣ 81.6%.

ಆ ಅಧ್ಯಯನದಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಇಲ್ಲಿ ಲೆಕ್ಕಾಚಾರ ಹಾಕಬೇಕಾದವರು ಆಕೆಯನ್ನು ನೋಡುತ್ತಿರುವ ವೈದ್ಯರು. ತಾಯಿ ನುಂಗಿದ ಪ್ರೆಡ್ನಿಸೊಲೋನಿನ ಹೆಚ್ಚಿನ ಪಾಲನ್ನು ಗರ್ಭದ ಮಾಸು ನಿಷ್ಕ್ರಿಯಗೊಳಿಸುತ್ತದೆ, ಮಗುವಿಗೆ ಸೇರುವುದು ಸುಮಾರು ಹತ್ತನೇ ಒಂದು ಪಾಲು. ಮಗುವಿನ ಅಂಗಾಂಗ ರೂಪುಗೊಳ್ಳುವ ಮೊದಲ ಮೂರು ತಿಂಗಳಲ್ಲಿ ವೈದ್ಯರು ಹೆಚ್ಚು ಯೋಚಿಸುತ್ತಾರೆ. ಕೊನೆಯ ತಿಂಗಳುಗಳಲ್ಲಿ ಸಾಮಾನ್ಯವಾಗಿ ಕೊಡುತ್ತಾರೆ. ಸ್ಟಿರಾಯ್ಡ್ ಸಕ್ಕರೆ ಅಂಶವನ್ನೂ ಬಿಪಿಯನ್ನೂ ಏರಿಸಬಹುದಾದ್ದರಿಂದ ಎರಡನ್ನೂ ಪರೀಕ್ಷಿಸುತ್ತಿರುತ್ತಾರೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಾವೇ ತೆಗೆದುಕೊಳ್ಳುವ ಮಾತ್ರೆ ಇದಲ್ಲ.

ತಪ್ಪು ಕಲ್ಪನೆ: ಪಾರಿವಾಳದ ರಕ್ತ ಸವರಿದರೆ, ನಾಟಿ ಪುಡಿ ತಿಂದರೆ ಮೂರೇ ದಿನದಲ್ಲಿ ಬಾಯಿ ನೆಟ್ಟಗಾಗುತ್ತದೆ.

ಸತ್ಯ: ರಕ್ತ ಚರ್ಮದ ಮೇಲೆ ಒಣಗುತ್ತದೆ, ಅಷ್ಟೇ. ಮೂಳೆಯೊಳಗಿನ ನರಕ್ಕೆ ಅದರಿಂದ ಆಗುವುದೇನೂ ಇಲ್ಲ. ಏನು ಬೆರೆಸಿದ್ದಾರೆಂದು ಗೊತ್ತಿಲ್ಲದ ಪುಡಿಯಲ್ಲಿ ಸೀಸ, ಪಾದರಸ ಇರುವ ಅಪಾಯವಿದೆ, ಇವೆರಡೂ ಮಗುವಿಗೆ ವಿಷ. ಇಂಥ ಔಷಧಿಗೆ ಹೆಸರು ಬಂದದ್ದಾದರೂ ಹೇಗೆ? ಔಷಧಿಯಿಲ್ಲದಿದ್ದರೂ ಸುಮಾರು 85% ಜನರ ಮುಖ ಮೂರು ವಾರದೊಳಗೆ ಚೇತರಿಸಿಕೊಳ್ಳಲು ಶುರುವಾಗುತ್ತದೆ. ಆ ಮೂರು ವಾರದಲ್ಲಿ ಯಾರು ಏನು ಕೊಟ್ಟಿದ್ದರೂ ಕೀರ್ತಿ ಅವರ ಪಾಲಿಗೆ ಹೋಗುತ್ತದೆ.

ತಪ್ಪು ಕಲ್ಪನೆ: ಬಾಯಿ ನೆಟ್ಟಗಾದರೆ ಸಾಕು, ಕಣ್ಣಿನದೇನು ದೊಡ್ಡ ವಿಷಯವಲ್ಲ.

ಸತ್ಯ: ಮನೆಮಂದಿಯ ಆತಂಕವೆಲ್ಲ ಬಾಯಿಯ ಮೇಲೆ, ಆದರೆ ಅಪಾಯವಿರುವುದು ಕಣ್ಣಿಗೆ. ರೆಪ್ಪೆ ಮುಚ್ಚದಿದ್ದರೆ ಕಣ್ಣಿನ ಕರಿಭಾಗದ ಮೇಲಿನ ಪಾರದರ್ಶಕ ಪೊರೆ ಒಣಗಿ ಗಾಯವಾಗುತ್ತದೆ. ಗಾಯ ಆಳಕ್ಕಿಳಿದು ಕಲೆಯಾದರೆ, ಮುಖ ಸರಿಯಾದ ಮೇಲೂ ದೃಷ್ಟಿ ಮಂಕಾಗಿಯೇ ಉಳಿಯಬಹುದು.

ಹಗಲಿನಲ್ಲಿ ಕೃತಕ ಕಣ್ಣೀರಿನ ಹನಿ, ಹೊರಗೆ ಹೋಗುವಾಗ ಕನ್ನಡಕ. ರಾತ್ರಿ ಮಲಗುವ ಮುಂಚೆ ವೈದ್ಯರು ಬರೆದುಕೊಟ್ಟ ಕಣ್ಣಿನ ಮುಲಾಮು ಹಚ್ಚಿ, ಮೇಲಿನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಕೆಳಗಿಳಿಸಿ, ತೆಳುವಾದ ಪೇಪರ್ ಟೇಪ್ ಅಂಟಿಸಬೇಕು. ರೆಪ್ಪೆ ಪೂರ್ತಿ ಮುಚ್ಚಿದೆಯೇ ಎಂದು ಪಕ್ಕದಲ್ಲಿದ್ದವರು ನೋಡಬೇಕು. ಅರೆತೆರೆದ ಕಣ್ಣಿನ ಮೇಲೆ ಹತ್ತಿಯುಂಡೆ ಇಟ್ಟು ಕಟ್ಟಿದರೆ ಆ ಹತ್ತಿಯೇ ರಾತ್ರಿಯಿಡೀ ಪೊರೆಯನ್ನು ಉಜ್ಜುತ್ತದೆ. ಬಾಣಂತಿಯ ಕೋಣೆಯಲ್ಲಿ ದಿನವೂ ಹಾಕುವ ಸಾಂಬ್ರಾಣಿ ಹೊಗೆಯನ್ನು ಕೆಲವು ವಾರ ನಿಲ್ಲಿಸುವುದು ಒಳ್ಳೆಯದು, ಮುಚ್ಚಲಾಗದ ಕಣ್ಣಿಗೆ ಹೊಗೆಯಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಕಣ್ಣು ಕೆಂಪಾದರೆ, ನೋವು ಬಂದರೆ ಅದೇ ದಿನ ನೇತ್ರವೈದ್ಯರಿಗೆ ತೋರಿಸಬೇಕು.

ತಪ್ಪು ಕಲ್ಪನೆ: ಇದು ಮುಖದ ಕಾಯಿಲೆ, ಬಸಿರಿಗೂ ಇದಕ್ಕೂ ಸಂಬಂಧವಿಲ್ಲ.

ಸತ್ಯ: ಗರ್ಭಿಣಿಯರಲ್ಲಿ ಬೆಲ್ಸ್ ಪಾಲ್ಸಿಯೂ ಬಿಪಿ ಏರುವ ಪ್ರಿಎಕ್ಲಾಂಪ್ಸಿಯಾ ಎಂಬ ಸ್ಥಿತಿಯೂ ಜೊತೆಜೊತೆಯಾಗಿ ಕಂಡುಬಂದಿರುವುದುಂಟು. ಬಾಯಿ ಸೊಟ್ಟಗಾದವರೆಲ್ಲರಿಗೂ ಬಿಪಿ ಇರುತ್ತದೆಂದಲ್ಲ, ಆದರೆ ಯಾರಲ್ಲೂ ನೋಡದೆ ಬಿಡುವಂತಿಲ್ಲ. ತಾಯಿ ಕಾರ್ಡ್ ಹಿಡಿದು ಹೋಗಿ ಬಿಪಿ ಮತ್ತು ಮೂತ್ರದ ಪ್ರೋಟೀನ್ ಪರೀಕ್ಷೆ ಮಾಡಿಸಬೇಕು, ಮುಂದಿನ ವಾರಗಳಲ್ಲೂ ಮಾಡಿಸುತ್ತಿರಬೇಕು.

ತಪ್ಪು ಕಲ್ಪನೆ: ಮಗುವಿನ ಬಾಯಿಯೂ ಸೊಟ್ಟಗಿರುತ್ತದೆ. ಸಿಸೇರಿಯನ್ ಆಗಲೇಬೇಕು, ಹಾಲೂ ಕುಡಿಸಬಾರದು.

ಸತ್ಯ: ತಾಯಿಯ ಬೆಲ್ಸ್ ಪಾಲ್ಸಿ ಮಗುವಿಗೆ ಅಂಟುವುದಿಲ್ಲ. ಇದೊಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಎದೆಹಾಲಿಗೆ ಸೇರುವ ಪ್ರೆಡ್ನಿಸೊಲೋನ್ ಬಹಳ ಕಡಿಮೆ, ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳುತ್ತಿದ್ದರೆ ಹಾಲು ಕುಡಿಸಬಹುದು.

ತಪ್ಪು ಕಲ್ಪನೆ: ಬಲೂನು ಊದಿ, ಚ್ಯೂಯಿಂಗ್ ಗಮ್ ಜಗಿದು, ಕರೆಂಟು ಕೊಡಿಸಿ ಸ್ನಾಯುವಿಗೆ ಬಲ ತುಂಬಬೇಕು.

ಸತ್ಯ: ಜಗಿಯುವ ಸ್ನಾಯುಗಳನ್ನು ನಡೆಸುವುದು ಬೇರೆ ನರ, ಅದು ಚೆನ್ನಾಗಿಯೇ ಇರುತ್ತದೆ. ಬಲವಂತದ ವ್ಯಾಯಾಮದಿಂದ ಆರೋಗ್ಯವಾಗಿರುವ ಪಕ್ಕವೇ ಇನ್ನಷ್ಟು ಎಳೆಯುತ್ತದೆ. ವಿದ್ಯುತ್ ಪ್ರಚೋದನೆಯಿಂದ ಲಾಭವಾಗುತ್ತದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ನರ ಮತ್ತೆ ಬೆಳೆಯುವಾಗ ಎಳೆಗಳು ದಾರಿ ತಪ್ಪಿದರೆ ನಕ್ಕಾಗ ಕಣ್ಣು ಮುಚ್ಚುವುದು, ಊಟ ಮಾಡುವಾಗ ಕಣ್ಣೀರು ಬರುವುದು ಉಂಟು. ಕನ್ನಡಿ ಮುಂದೆ ಕೂತು ಮೆಲ್ಲಗೆ ಮಾಡುವ ಅಭ್ಯಾಸವನ್ನು ಫಿಸಿಯೋಥೆರಪಿ ತಜ್ಞರಿಂದ ಕಲಿಯುವುದೇ ಸರಿ.

ಇನ್ನು ದಿನ ದೂಡುವ ಮಾತು. ತುಟಿ ಕೂಡದಿದ್ದರೆ ಪ, ಬ, ಮ ಅಕ್ಷರಗಳು ತೊದಲುತ್ತವೆ, ಫೋನಿನಲ್ಲಿ ಅಮ್ಮನಿಗೆ ಅಮ್ಮಾ ಎನ್ನುವುದೂ ಕಷ್ಟ. ಸೋತ ತುಟಿಯ ಕೊನೆಯನ್ನು ಬೆರಳಿನಿಂದ ಒತ್ತಿಹಿಡಿದರೆ ಮಾತೂ ಸ್ಪಷ್ಟವಾಗುತ್ತದೆ, ಕಾಫಿಯೂ ಸೋರುವುದಿಲ್ಲ. ಅನ್ನ ಕೆನ್ನೆಯ ಸಂದಿಯಲ್ಲಿ ಉಳಿಯುವುದರಿಂದ ಮೆತ್ತನೆಯ ಊಟವನ್ನು ಚೆನ್ನಾಗಿರುವ ಪಕ್ಕದಲ್ಲಿ ಜಗಿದು, ಆಮೇಲೆ ಬಾಯಿ ಮುಕ್ಕಳಿಸಬೇಕು. ಸೋತ ಪಕ್ಕದ ಕಿವಿಗೆ ಮಿಕ್ಸಿಯ ಸದ್ದು ಜೋರಾಗಿ ಕೇಳಿಸಬಹುದು, ನಾಲಿಗೆಗೆ ರುಚಿ ಹತ್ತದಿರಬಹುದು. ಇವೂ ಅದೇ ನರದ ಕೆಲಸಗಳು, ಹೊಸ ಕಾಯಿಲೆಯಲ್ಲ.

ನಗುಮುಖ ಕಾಣಿಸದ ಫೋಟೊ ಬೇಡವೆಂದು ಆಕೆ ಸೀಮಂತವನ್ನೇ ಮುಂದೂಡಿದರೆ ಒತ್ತಾಯ ಮಾಡಬೇಡಿ. ಮಂಕಾಗಿ ಕೂತರೆ, ನಿದ್ದೆ ಊಟ ಬಿಟ್ಟರೆ ಅದನ್ನೂ ವೈದ್ಯರಿಗೆ ಹೇಳಿ. ಮೂರು ತಿಂಗಳಾದರೂ ಮುಖ ಪೂರ್ತಿ ಸರಿಯಾಗದಿದ್ದರೆ, ಅಥವಾ ಸೋಲು ಹೆಚ್ಚುತ್ತಲೇ ಹೋದರೆ ನರರೋಗ ಇಲ್ಲವೇ ಕಿವಿ ಮೂಗು ಗಂಟಲು ತಜ್ಞರನ್ನು ಕಾಣಬೇಕು. ನೆಂಟರು ಮಾಡಬಹುದಾದ ಉಪಕಾರವೂ ಇದೆ: ಔಷಧಿ ಕೊಡುವವರ ವಿಳಾಸ ಹುಡುಕುವ ಬದಲು, ಮೊದಲ ದಿನವೇ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಒಂದು ಆಟೋ ಹಿಡಿದು ತರುವುದು.